ಆನೆಕಾಲಿಗೆ ಚಳಿಜ್ವರ ಬಂದರೆ ಮೊದಲು ಬೆರಳ ಸಂದಿ ನೋಡಿ

ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡೆ, ಇತ್ತ ಮಂಗಳೂರು, ಉಡುಪಿ ಕಡೆ ಆನೆಕಾಲು ಇರುವವರ ಮನೆಯಲ್ಲಿ ಈ ಮಾತು ಕೇಳಿರುತ್ತೀರಿ: "ಆಗಾಗ ಚಳಿಜ್ವರ ಬರುತ್ತೆ, ಕಾಲು ಕೆಂಪಾಗಿ ಉರಿಯುತ್ತೆ." ಇದು ಹುಳುವಿನ ಕಾಟ ಅಂತ ತುಂಬಾ ಜನ ನಂಬಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. ಇದು ಚರ್ಮದ ಸೋಂಕು, ಇದಕ್ಕೆ ಔಷಧಿ ಇದೆ.

[ಚಿತ್ರ: ಕಾಲಿನ ದುಗ್ಧನಾಳಗಳು]

ಕ್ಯೂಲೆಕ್ಸ್ ಸೊಳ್ಳೆ ಹರಡುವ ಫೈಲೇರಿಯಾ ಹುಳು ದುಗ್ಧನಾಳಗಳಲ್ಲಿ, ಅಂದರೆ ಮೈಯಲ್ಲಿ ಸೇರುವ ಹೆಚ್ಚಿನ ನೀರನ್ನು ವಾಪಸು ರಕ್ತಕ್ಕೆ ಸಾಗಿಸುವ ಸಣ್ಣ ಕೊಳವೆಗಳಲ್ಲಿ, ವರ್ಷಗಟ್ಟಲೆ ಕೂತು ಅವನ್ನು ಕೆಡಿಸುತ್ತದೆ. ಹುಳು ಸತ್ತ ಮೇಲೂ ನಾಳ ಮೊದಲಿನಂತಾಗುವುದಿಲ್ಲ, ನೀರು ಕಾಲಲ್ಲೇ ನಿಲ್ಲುತ್ತದೆ. ರೋಗಾಣು ಎದುರಿಸುವ ಬಿಳಿ ರಕ್ತಕಣಗಳು ಓಡಾಡುವ ದಾರಿಯೂ ಅದೇ ಅಲ್ವಾ? ಹಾಗಾಗಿ ಬೆರಳ ಸಂದಿಯ ಒಂದು ಸಣ್ಣ ಬಿರುಕಿನಿಂದಲೂ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ನುಗ್ಗಿ ಕಾಲೆಲ್ಲ ಹರಡಬಹುದು. ಸೋಂಕು ಬಂದು ಹೋದಾಗಲೆಲ್ಲ ನಾಳ ಇನ್ನಷ್ಟು ಕೆಡುತ್ತದೆ, ಊತ ಜಾಸ್ತಿಯಾಗುತ್ತದೆ. ಅದಕ್ಕೇ "ಸುಮ್ನೆ ಮಲಗಿದರೆ ಹೋಗುತ್ತೆ" ಅಂತ ಬಿಡಬೇಡಿ.

[ದೃಶ್ಯ: ದಿಂಬಿನ ಮೇಲೆ ಕಾಲು]

ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು. ಮುಟ್ಟಿ ನೋಡಿ: ಬಿಸಿ, ನೋವು, ತೊಡೆಸಂದಿಯಲ್ಲಿ ಗಂಟು ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಸಾಮಾನ್ಯವಾಗಿ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಕೊಡುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಇಲ್ಲೊಂದು ದೊಡ್ಡ ಎಡವಟ್ಟು ಆಗುತ್ತದೆ. ಎರಡು-ಮೂರು ದಿನಕ್ಕೆ ಜ್ವರ ಇಳಿಯುತ್ತದೆ, ಮಾತ್ರೆ ನಿಲ್ಲಿಸಿಬಿಡುತ್ತಾರೆ. ಊತ ಇರುವ ಕಾಲಿಗೆ ಎರಡು ವಾರದವರೆಗೂ ಔಷಧಿ ಬೇಕಾಗಬಹುದು. ಡಾಕ್ಟರು ಬರೆದಷ್ಟು ದಿನ ಪೂರ್ತಿ ನುಂಗಿ.

ಕಾಲು ಎತ್ತರಿಸಿ ಮಲಗಿ, ತಣ್ಣೀರಿನ ಬಟ್ಟೆ ಹಾಕಿ, ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಳ್ಳಿ. ಬಿಸಿ ಶಾಖ, ಎಣ್ಣೆ ಮಾಲೀಶು, ಬಿಗಿಯಾದ ಪಟ್ಟಿ, ವ್ಯಾಯಾಮ ಈಗ ಯಾವುದೂ ಬೇಡ. ಫೈಲೇರಿಯಾದ ಡಿಇಸಿ ಮಾತ್ರೆಯನ್ನೂ ನೋವು, ಜ್ವರ ಇರುವಾಗ ನೀವಾಗಿ ನುಂಗಬೇಡಿ. ಗುಳ್ಳೆ ಎದ್ದು ಚರ್ಮ ಕಪ್ಪಾದರೆ, ಮಂಪರು ಬಂದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ಅಡ್ಮಿಟ್ ಮಾಡಿಸಿ.

[ದೃಶ್ಯ: ಟಬ್, ಮಗ್, ಸೋಪು, ಟವೆಲ್]

ಜ್ವರ ಇಳಿದ ಮೇಲೆ ದಿನವೂ ಸೋಪು, ಶುದ್ಧ ನೀರಲ್ಲಿ ಕಾಲು ತೊಳೆಯಿರಿ. ಬೆರಳ ಸಂದಿಗೆ ಬಟ್ಟೆ ಒತ್ತಿ ಒರೆಸಿ, ಉಜ್ಜಬೇಡಿ. ಸಂದಿ ಬೆಳ್ಳಗೆ ಕೊಳೆತಿದ್ದರೆ ಫಂಗಸ್ ಕ್ರೀಮ್ ಹಚ್ಚಿ. ಈ ಸಾಮಾನಿನ ಕಿಟ್ಟನ್ನು ಸರ್ಕಾರದ ಫೈಲೇರಿಯಾ ಕಾರ್ಯಕ್ರಮದಲ್ಲಿ ಕೊಡುತ್ತಾರೆ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ದುಗ್ಧನಾಳ ಕೆಟ್ಟು ಕೈ ಊದಿಕೊಂಡವರಿಗೂ ಇದೇ ಎಚ್ಚರ ಬೇಕು.

ಇಷ್ಟು ಮಾಡಿದರೂ ವರ್ಷಕ್ಕೆ ಎರಡು ಸಲ, ಇನ್ನೂ ಜಾಸ್ತಿ ಸಲ ಸೋಂಕು ಬಂದರೆ, ಅದನ್ನು ತಡೆಯಲೆಂದೇ ಪೆನಿಸಿಲಿನ್ ಮುಂದುವರಿಸುವ ದಾರಿ ಇದೆ. ನಿಮಗದು ಹೊಂದುತ್ತದೆಯೇ ಅಂತ ಡಾಕ್ಟರನ್ನು ನೀವೇ ಕೇಳಿ.