ಒಂದು ರೂಪಾಯಿ ಹಾಕಿ, ಚೀಟಿ ತಗೊಳ್ಳಿ

ಈ ಮೆಷಿನ್ ಗುರುತು ಸಿಕ್ಕಿತಾ? ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ಬಲ್ಬು ಮಿನುಗಿಸುತ್ತಾ ನಿಂತಿರುತ್ತಿತ್ತಲ್ಲ, ಅದೇ ತೂಕದ ಮೆಷಿನ್. ಮೇಲೆ ಹತ್ತಬೇಕು, ಚಕ್ರ ನಿಲ್ಲುವವರೆಗೆ ಕಾಯಬೇಕು, ಒಂದು ರೂಪಾಯಿ ಹಾಕಬೇಕು. ಟಕ್ ಅಂತ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಸಾಗರದ ಈ ಗುಜರಿ ಅಂಗಡಿಯಣ್ಣ ಇದನ್ನು ಒಡೆಯದೆ ಉಳಿಸಿಕೊಂಡಿದ್ದಾರೆ. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಹಿಂದಿನ ಬಾಗಿಲು ತೆಗೆದಿದ್ದೇವೆ. ನಮ್ಮ ಮಳೆಗೆ ಸ್ಪ್ರಿಂಗ್ ತುಕ್ಕು ಹಿಡಿದಿದೆ. ಅದೇನು ಬಿಡಿ, ಸರಿಹೋಗುತ್ತದೆ. ತೊಂದರೆ ಇರುವುದು ಇಲ್ಲಿ, ನಾಣ್ಯ ಇಳಿಯುವ ದಾರಿಯಲ್ಲಿ. ಹತ್ತಿರದಿಂದ ನೋಡಿ. ಹಳೆಯ ಸ್ಟೀಲ್ ರೂಪಾಯಿ 25 ಮಿಲಿಮೀಟರ್ ಅಗಲ. 2011ರಲ್ಲಿ ಬಂದದ್ದು 22. ತೂಕವೂ 4.85 ಗ್ರಾಂನಿಂದ 3.79ಕ್ಕೆ ಇಳಿಯಿತು. ಹಳೆಯ ನಾಣ್ಯ ಎರಡೂ ಅಂಚಿಗೆ ತಾಗಿಕೊಂಡು ಉರುಳಿ ಈ ಲಿವರ್ ಒತ್ತುತ್ತದೆ. ಹೊಸದು ಸಂದಿಯಲ್ಲಿ ಜಾರಿ ಸೀದಾ ಕೆಳಗಿನ ಬಟ್ಟಲಿಗೆ! ಕೆಟ್ಟದ್ದು ಮೆಷಿನ್ ಅಲ್ಲ, ಬದಲಾದದ್ದು ರೂಪಾಯಿ.

ಈ ಸಂದಿಯನ್ನು ಎಷ್ಟಕ್ಕೆ ಹೊಂದಿಸಬೇಕು ಅಂತ ಹೇಳುವ ಒಂದು ಹಾಳೆಯೂ ನಮಗೆ ಸಿಗಲಿಲ್ಲ. ಅಮೆರಿಕದವರಿಗೆ ನಾಣ್ಯ ಹಾಕುವ ಮೆಷಿನ್‌ಗಳ ಬಗ್ಗೆ ಪತ್ರಿಕೆಗಳೇ ಇದ್ದವು. ಮೊದಲು ಬಂದವು ಮೆಷಿನ್ ಇಟ್ಟು ದುಡಿಯುವವರಿಗಾಗಿ. ಈಗ ಹಾಡುಗಳ ಪಟ್ಟಿಗೆ ಹೆಸರಾದ ಬಿಲ್‌ಬೋರ್ಡ್ ಶುರುವಾಗಿದ್ದು 1894ರಲ್ಲಿ, ಪೋಸ್ಟರ್ ಅಂಟಿಸುವ ವ್ಯಾಪಾರದವರಿಗೆ. ಆಮೇಲೆ ನಾಣ್ಯ ಹಾಕಿದರೆ ಹಾಡು ಕೇಳಿಸುವ ಜೂಕ್‌ಬಾಕ್ಸ್, ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಸುದ್ದಿಯೂ ಅದರಲ್ಲಿ ಬರತೊಡಗಿತು. 1942ರಲ್ಲಿ ಬಂದ ಕ್ಯಾಶ್ ಬಾಕ್ಸ್ ಸೆಕೆಂಡ್‌ಹ್ಯಾಂಡ್ ಮೆಷಿನ್‌ಗಳ ರೇಟ್ ಹಾಕುತ್ತಿತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾಲದ ಸ್ಲಾಟ್ ಮೆಷಿನ್, ಅಂದರೆ ನಾಣ್ಯ ಹಾಕಿ ಜೂಜಾಡುವ ಮೆಷಿನ್, ಮನೆಯಲ್ಲಿಟ್ಟುಕೊಳ್ಳಲು ಕಾನೂನು ಒಪ್ಪಿತು. ಅದೇ ದಶಕದಲ್ಲಿ ಹಳೇ ಮೆಷಿನ್ ಕೂಡಿಡುವ ಹವ್ಯಾಸದವರಿಗಾಗಿ ಲೂಸ್ ಚೇಂಜ್‌ನಂಥ ಪತ್ರಿಕೆಗಳು ಹುಟ್ಟಿಕೊಂಡವು. ಮೆಷಿನ್‌ಗಳ ಚರಿತ್ರೆ, ಕೊಡುವ-ಕೊಳ್ಳುವ ಜಾಹೀರಾತು, ಎಲ್ಲವೂ ಅದರಲ್ಲಿ.

ನನ್ನ ಪ್ರಕಾರ ಲೇಖನಕ್ಕಿಂತ ಆ ಜಾಹೀರಾತುಗಳೇ ದೊಡ್ಡದು. ಒಬ್ಬರ ಹತ್ತಿರ ಬೀಗವಿಲ್ಲದ ಮೆಷಿನ್, ಇನ್ನೊಬ್ಬರ ಹತ್ತಿರ ಬರೀ ಬೀಗ. ಇಬ್ಬರೂ ಸಿಗುವುದು ಹೇಗೆ ಮತ್ತೆ, ಅಲ್ವಾ?

ನಮ್ಮಲ್ಲಿ ಆ ತಿಳಿವಳಿಕೆ ಇನ್ನೂ ರಿಪೇರಿ ಮಾಡಿದವರ ಕೈಯಲ್ಲೇ ಇದೆ. ಅದಕ್ಕೇ ಈ ವಿಡಿಯೋ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆ ಇಂಥ ಮೆಷಿನ್‌ಗೆ ಎಣ್ಣೆ ಬಿಟ್ಟವರು, ಚೀಟಿ ತುಂಬಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಕ್ಯಾಮೆರಾ ಹಿಡಿದು ನಾನೇ ಬರುತ್ತೇನೆ. ಅಲ್ಲಿಯವರೆಗೆ ನಾವು ಇದರ ಒಂದೊಂದು ಭಾಗವನ್ನೂ ಬಿಚ್ಚಿ, ಅಳತೆ ಬರೆದು, ಫೋಟೋ ತೆಗೆದು ಇಡುತ್ತಿದ್ದೇವೆ. ಲಿವರ್‌ನಿಂದ ಶುರು ಮಾಡೋಣ.