ಕಾಣೆಯಾದ ಕಂತು

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದ ದೊಡ್ಡಪೇಟೆಯಲ್ಲಿದ್ದ ನಮ್ಮ ಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ, ಗೋಣಿದಾರದಿಂದ ಹೊಲಿದ ದಪ್ಪನೆಯ ಪುಸ್ತಕವೊಂದಿತ್ತು. ಅದು ಅಂಗಡಿಯಲ್ಲಿ ಕೊಂಡದ್ದಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಯ ಪುಟಗಳನ್ನು ಅಮ್ಮ ವಾರವಾರವೂ ಬ್ಲೇಡಿನಿಂದ ಕತ್ತರಿಸಿ ಕೂಡಿಟ್ಟು, ಕಥೆ ಮುಗಿದ ಮೇಲೆ ದಬ್ಬಣದಿಂದ ತೂತು ಕೊರೆದು ಹೊಲಿದು, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಅಂಟಿಸಿ ಮಾಡಿಕೊಂಡದ್ದು. ಒಂದು ಪುಟದ ಅಂಚಿನಲ್ಲಿ ಕೂದಲೆಣ್ಣೆಯ ಜಾಹೀರಾತಿನ ಹೆಂಗಸಿನ ಅರ್ಧ ಮುಖ, ಇನ್ನೊಂದರ ಬೆನ್ನಿಗೆ ಯಾರೋ ತುಂಬಿ ಅಷ್ಟಕ್ಕೇ ಬಿಟ್ಟ ಪದಬಂಧ. ನಾನು ಓದಿದ ಮೊದಲ ಕಾದಂಬರಿ ಅದೇ.

ಆ ಪುಸ್ತಕದಲ್ಲಿ ಹದಿನೇಳನೆಯ ಕಂತು ಇರಲಿಲ್ಲ. ಓದಿ ಕೊಡುತ್ತೇವೆಂದು ಪಕ್ಕದ ಮನೆಯವರು ಒಯ್ದ ಆ ವಾರದ ಸಂಚಿಕೆ ಹಿಂದಿರುಗಿ ಬರಲೇ ಇಲ್ಲ. ಹದಿನಾರನೆಯ ಕಂತಿನ ಕೊನೆಯಲ್ಲಿ ನಾಯಕಿ ರೈಲ್ವೆ ನಿಲ್ದಾಣದಲ್ಲಿ, ಒಡೆಯದ ಪತ್ರವೊಂದನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾಳೆ. ಹದಿನೆಂಟರಲ್ಲಿ ಅಣ್ಣನ ಮನೆಯ ಅಡುಗೆಮನೆಯಲ್ಲಿ ಒಲೆ ಊದುತ್ತಿರುತ್ತಾಳೆ, ಪತ್ರದ ಸುದ್ದಿಯೇ ಇಲ್ಲ. ಪತ್ರದಲ್ಲಿ ಏನಿತ್ತು ಎಂದು ನಾನು ಅಮ್ಮನನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಅವಳು ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳಿದವಳಲ್ಲ. ಅಪ್ಪನೊಡನೆ ಮಾತು ಬಿಟ್ಟಿದ್ದ ಮಧ್ಯಾಹ್ನಗಳಲ್ಲಿ ಅದು ಗಂಡನ ಪತ್ರವಾಗಿರುತ್ತಿತ್ತು, ನಾಯಕಿ ಅದನ್ನು ಓದದೆಯೇ ಹರಿದು ಹಳಿಯ ಮೇಲೆ ಎಸೆಯುತ್ತಿದ್ದಳು. ತವರಿನಿಂದ ಕಾಗದ ಬಂದ ದಿನ ಅದು ನಾಯಕಿಯ ತಾಯಿಯ ಪತ್ರವಾಗುತ್ತಿತ್ತು. ಆಗ ಅಮ್ಮನ ದನಿ ಸ್ವಲ್ಪ ಇಳಿಯುತ್ತಿತ್ತು. ಬರೆಯಲು ನಿನಗೆ ಯಾರು ಕಲಿಸಿದರು ಎಂದು ಕೇಳಿದವರಿಗೆಲ್ಲ ಯಾವ ಯಾವುದೋ ದೊಡ್ಡ ಹೆಸರುಗಳನ್ನು ಹೇಳುತ್ತ ಬಂದಿದ್ದೇನೆ. ನಿಜದಲ್ಲಿ ಕಲಿಸಿದ್ದು ಆ ಇಲ್ಲದ ಎಂಟು ಪುಟಗಳು.

ಎಷ್ಟೋ ವರ್ಷಗಳ ನಂತರ, ಗ್ರಂಥಾಲಯವೊಂದರಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಆ ಪತ್ರಿಕೆಯ ಹಳೆಯ ಸಂಪುಟ ಕೈಗೆ ಸಿಕ್ಕಿತು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಪುಟ ತಿರುವಿದೆ. ರೈಲು ಬರುತ್ತದೆ, ನಾಯಕಿ ಹತ್ತುತ್ತಾಳೆ, ಕಿಟಕಿಯಾಚೆಯ ಹೊಲಗದ್ದೆಗಳ ವರ್ಣನೆ ಮೂರು ಪುಟಕ್ಕೆ ಹಬ್ಬುತ್ತದೆ. ಪತ್ರ ಹೊಲದ ಕ್ರಯಕ್ಕೆ ಸಂಬಂಧಪಟ್ಟದ್ದು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಮೊರದಲ್ಲಿನ ಅಕ್ಕಿಯಿಂದ ಕಣ್ಣೆತ್ತದೆ, "ಅದು ಬೇರೆ ಯಾವುದೋ ಕಾದಂಬರಿ ಇರಬೇಕು, ಸರಿಯಾಗಿ ನೋಡು" ಎಂದಳು.

ದುರ್ಗದವನು ಕಾದಂಬರಿಯ ಮಾತೆತ್ತಿದ ಮೇಲೆ ತ.ರಾ.ಸು. ಅವರನ್ನು ಬಿಟ್ಟು ಮುಂದೆ ಹೋಗಲಾರ. 1920ರಲ್ಲಿ, ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಮಲೇಬೆನ್ನೂರಿನಲ್ಲಿ ಹುಟ್ಟಿದ, ಚಳ್ಳಕೆರೆ ಸೀಮೆಯ ತಳುಕಿನ ಮನೆತನದ ಅವರು, ದುರ್ಗದ ಪಾಳೆಯಗಾರರ ಮೇಲೆ ಒಂದರ ಹಿಂದೊಂದು ಕಾದಂಬರಿ ಬರೆದು, ಕೊನೆಗೆ 1982ರಲ್ಲಿ 'ದುರ್ಗಾಸ್ತಮಾನ'ವನ್ನು ಕೊಟ್ಟರು, 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಆ ಕೃತಿಗೆ ಬಂದದ್ದು ಅದರ ಮರುವರ್ಷ. ಆ ಕಾದಂಬರಿಯ ಕಥೆ ಹೇಗೆ ಮುಗಿಯುತ್ತದೆಂಬುದು ಓದುವ ಮೊದಲೇ ಎಲ್ಲರಿಗೂ ಗೊತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅಷ್ಟು ಸಾಲದೆಂಬಂತೆ ಹೆಸರೇ ಅಸ್ತಮಾನವನ್ನು ಸಾರಿಬಿಟ್ಟಿದೆ. ಹಾಗಿದ್ದರೂ ನಮ್ಮ ಬೀದಿಯ ಹಿರಿಯರೊಬ್ಬರು ಅದನ್ನು ಮೂರನೆಯ ಸಲ ಓದುತ್ತಿದ್ದಾಗ, ಕೊನೆಯ ನೂರು ಪುಟಗಳಿಗೆ ಬಂದವರು ಪುಸ್ತಕವನ್ನು ಮಡಚಿಟ್ಟು ನಾಲ್ಕು ದಿನ ಮುಟ್ಟದೆ ಇದ್ದದ್ದನ್ನು ನಾನು ಕಂಡಿದ್ದೇನೆ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕಾಗಿ ಮಾತ್ರ ಕಾದಂಬರಿ ಓದುತ್ತೇವೆ ಎನ್ನುವವರ ಮಾತನ್ನು ನಾನು ಆ ನಾಲ್ಕು ದಿನಗಳಿಂದಾಗಿ ನಂಬುವುದಿಲ್ಲ.

ಶಾಸನ, ಬಖೈರು, ಕೈಫಿಯತ್ತುಗಳಂಥ ಹಳೆಯ ದಾಖಲೆಗಳು ಸುಮ್ಮನಾಗುವ ಕಡೆ ತ.ರಾ.ಸು. ಮಾತನಾಡಿದರು, ಮತ್ತು ಎಷ್ಟು ಚೆನ್ನಾಗಿ ಮಾತನಾಡಿದರೆಂದರೆ ಈಗ ಕೋಟೆಯಲ್ಲಿ ದಾಖಲೆ ಎಲ್ಲಿ ಮುಗಿಯಿತು, ಕಾದಂಬರಿ ಎಲ್ಲಿ ಶುರುವಾಯಿತು ಎಂದು ಬಿಡಿಸುವುದು ಕಷ್ಟ. ರಂಗಯ್ಯನ ಬಾಗಿಲಿನಿಂದ ಓಬವ್ವನ ಕಿಂಡಿಯವರೆಗೆ ನಡೆದುಕೊಂಡು ಹೋಗಿ ನೋಡಿ. ಆ ಕಿಂಡಿಯಲ್ಲಿ ಮೈ ಕುಗ್ಗಿಸಿಕೊಂಡೇ ನುಸುಳಬೇಕು. ಬಂಡೆ ಭುಜಕ್ಕೆ ತಾಕುತ್ತದೆ, ಅಷ್ಟು ಜನರ ಅಂಗಿ ಉಜ್ಜಿ ಉಜ್ಜಿ ಅಲ್ಲಿ ಕಲ್ಲು ನುಣುಪಾಗಿದೆ. ಹೊರಗೆ ನಿಂತು ಕಥೆ ಹೇಳುವವನ ಮಾತಿನಲ್ಲಿ ಅಜ್ಜಿಯರಿಂದ ಬಂದದ್ದು, ಪುಸ್ತಕದಿಂದ ಬಂದದ್ದು, 1972ರ 'ನಾಗರಹಾವು' ಚಿತ್ರದಿಂದ ಬಂದದ್ದು ಎಲ್ಲವೂ ಸೇರಿ ಹದವಾಗಿವೆ. ನನಗೆ ಇದರ ಬಗ್ಗೆ ಆಕ್ಷೇಪವಿಲ್ಲ. ಆದರೆ ನಾನು ಬರೆಯಲು ಕುಳಿತಾಗ ಈ ಊರಿನ ಯಾವ ಬಂಡೆಯೂ ಖಾಲಿ ಇರಲಿಲ್ಲವೆಂಬುದನ್ನು ಮಾತ್ರ ಹೇಳಬೇಕು. ಯಾವ ಬುರುಜಿನ ಹೆಸರನ್ನು ಬರೆದರೂ ಅದರ ಮೇಲೆ ಆಗಲೇ ಒಬ್ಬರು ಕುಳಿತಿರುತ್ತಿದ್ದರು.

ಹಾಗಾಗಿ ಬೆಟ್ಟ ಇಳಿದೆ. ಹೊಟ್ಟೆಪಾಡಿಗೆ ದಾವಣಗೆರೆಯ ಅರಳೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಗಿನ ನಾಲ್ಕೂವರೆಯಿಂದ ಆರೂವರೆಯವರೆಗೆ, ಹಾಲಿನವನು ಗಂಟೆ ಬಾರಿಸುವ ತನಕ, ಕಾದಂಬರಿ. ಲೇಖಕನ ಬದುಕು ಎಂದು ಬಾನುಲಿಯವರು ಕೇಳಿದಾಗ ಈ ಎರಡು ಗಂಟೆಗಳಿಗಿಂತ ಹೆಚ್ಚಿನದೇನೂ ಹೊಳೆಯಲಿಲ್ಲ. ನನ್ನ ಮೊದಲ ಕಾದಂಬರಿ ಸಾವಿರ ಪ್ರತಿ ಅಚ್ಚಾಯಿತು. ಪ್ರಕಾಶಕರು ಗೌರವಧನದ ಬದಲು ನೂರು ಪ್ರತಿಗಳನ್ನು ಕೊಟ್ಟರು. ಅವುಗಳಲ್ಲಿ ಅರವತ್ತನ್ನು ಮದುವೆ ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಕೊಟ್ಟು ಮುಗಿಸಿದೆ, ಉಳಿದವು ಮಂಚದ ಕೆಳಗೆ ಇವೆ.

ಆ ಕಾದಂಬರಿ ಮಂಡಕ್ಕಿ ಭಟ್ಟಿಗಳದ್ದು. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನದವರು ಯಾರಿದ್ದಾರೆ? ಆದರೆ ಭಟ್ಟಿಯ ಒಳಗೆ ಕಾಲಿಟ್ಟವರು ಕಡಿಮೆ. ಕಾದ ಮರಳಿಗೆ ಉಪ್ಪುನೀರು ಹಿಡಿಸಿದ ಅಕ್ಕಿ ಬಿದ್ದಾಗ ಮೊದಲು ಏನೂ ಆಗುವುದಿಲ್ಲ. ಒಂದು ಉಸಿರೆಳೆಯುವಷ್ಟು ಹೊತ್ತಿನ ನಂತರ, ಮಳೆ ತಗಡಿನ ಮೇಲೆ ಬಿದ್ದಂಥ ಸದ್ದಿನೊಡನೆ ಎಲ್ಲ ಒಟ್ಟಿಗೆ ಅರಳುತ್ತದೆ. ಕೂಡಲೇ ಜರಡಿಗೆ ಸುರಿಯಬೇಕು. ಅರೆಗಳಿಗೆ ತಡವಾದರೂ ಕಪ್ಪಾಗುತ್ತದೆ. ಎರಡು ವರ್ಷ ಆ ಓಣಿಗಳಲ್ಲಿ ಓಡಾಡಿ, ಹೊಗೆ, ಕೆಮ್ಮು, ಮಸಿ ಹಿಡಿದ ಗೋಡೆ, ಕೂಲಿಯ ಲೆಕ್ಕ, ಯಾವುದನ್ನೂ ಬಿಡದೆ ಬರೆದೆ. ನಾಯಕಿ ನಕ್ಕರೆ ಏಕೆ ನಕ್ಕಳೆಂದೂ ಬರೆದೆ. ಈಗ ಓದಿದರೆ ನಾಚಿಕೆಯಾಗುವುದು ಅದಕ್ಕೇ: ಓದುವವರ ಮೇಲೆ ನಂಬಿಕೆಯಿಲ್ಲದ ಲೇಖಕ ಮಾತ್ರ ಅಷ್ಟು ವಿವರಿಸುತ್ತಾನೆ. ಅಮ್ಮನಿಗೆ ಎಂಟು ಪುಟ ಕಾಣೆಯಾಗಿದ್ದವು. ನಾನು ನನ್ನ ಓದುಗರಿಗೆ ಎಂಟು ಸಾಲನ್ನೂ ಬಿಟ್ಟುಕೊಟ್ಟಿರಲಿಲ್ಲ.

ಹಾಗೆಂದು ನಾನು ನಂಬಿಕೊಂಡಿದ್ದೆ. ಭಟ್ಟಿಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದ ಹೆಂಗಸೊಬ್ಬಳಿಗೆ ಒಂದು ಪ್ರತಿ ಕೊಟ್ಟಿದ್ದೆ, ಅವಳ ಮಗಳು ರಾತ್ರಿ ಹೊತ್ತು ಗಟ್ಟಿಯಾಗಿ ಓದಿ ಹೇಳಿದಳಂತೆ. ತಿಂಗಳ ಮೇಲೆ ಸಿಕ್ಕಾಗ ಹೇಗಿದೆಯೆಂದು ಕೇಳಿದೆ. "ಚೆಂದ ಬರ್ದೀರಿ ಬಿಡ್ರಿ ಸರ್. ಹೊಗಿ ಬಗ್ಗೆ ಅಷ್ಟೊಂದು ಬರ್ದೀರಿ, ಅದು ನಮಗ ಗೊತ್ತಿದ್ದದ್ದೇ. ಆ ಹೆಣ್ಮಗಳು ಮನಿಗೆ ಹೋಗಿ ರಾತ್ರಿ ಏನ್ ಉಂಡ್ಳು ಅಂತ ಎಲ್ಲೂ ಬರ್ದೇ ಇಲ್ಲಲ್ರಿ?" ಎಂದಳು. ಮುನ್ನೂರು ಪುಟಗಳಲ್ಲಿ ನನ್ನ ನಾಯಕಿ ಒಮ್ಮೆಯೂ ಊಟ ಮಾಡಿರಲಿಲ್ಲ. ಇದು ನಾನು ಬೇಕೆಂದು ಬಿಟ್ಟ ಜಾಗವಲ್ಲ, ನನ್ನ ಕಣ್ಣಿಗೇ ಬೀಳದೆ ಹೋದ ಜಾಗ.

ಎರಡನೆಯ ಮುದ್ರಣವಾದರೆ ಸೇರಿಸಬಹುದೆಂದು, ನನ್ನ ಪ್ರತಿಯ ನೂರ ಹನ್ನೆರಡನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಜೋಳದ ಮುದ್ದೆ, ಹುರುಳಿ ಸಾರು" ಎಂದು ಬರೆದಿಟ್ಟುಕೊಂಡೆ. ಮುಂದಿನ ಸಲ ಭೇಟಿಯಾದಾಗ ಅವಳಿಗೆ ಅದನ್ನು ತೋರಿಸಿದೆ. ಹಂಗಾಮಿನ ದಿನಗಳಲ್ಲಿ ಮುದ್ದೆ ತಿರುವಲು ಯಾರಿಗೆ ಕಸುವಿರುತ್ತದೆ ಎಂದು ನಕ್ಕಳು. ಆ ಸಾಲನ್ನು ಅಳಿಸಿದ್ದೇನೆ. ಎರಡನೆಯ ಮುದ್ರಣ ಇನ್ನೂ ಆಗಿಲ್ಲ.

ನಮಸ್ಕಾರ.