ಸಂಜೆ ಹೊತ್ತು ಮಕ್ಕಳು ಎಲ್ಲಿರ್ತಾರೆ? ರೇಕ್ಯಾವಿಕ್ ಅನ್ನೋ ಊರಿನ ಮುನ್ಸಿಪಾಲಿಟಿ ಕಥೆ

ನಮಸ್ಕಾರ ಎಲ್ರಿಗೂ. ಹದಿನೈದು ವರ್ಷದ ಹುಡುಗ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಎಲ್ಲಿರ್ತಾನೆ, ಯಾರ ಜೊತೆ ಇರ್ತಾನೆ ಅನ್ನೋದು ಅವರಪ್ಪ ಅಮ್ಮನ ತಲೆನೋವು ಅಂತ ನಾವೆಲ್ಲ ಅಂದ್ಕೊಂಡಿದೀವಿ, ವಿಷ್ಯ ಕೈಮೀರಿದ್ರೆ ಪೊಲೀಸರದ್ದು. ಆದ್ರೆ ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್‌ನಲ್ಲಿ ಇದು ಸಿಟಿ ಕೌನ್ಸಿಲ್ ತಲೆನೋವೂ ಹೌದು. ನಮ್ಮಲ್ಲಿ ರಸ್ತೆಗೆ, ಚರಂಡಿಗೆ ಬಜೆಟ್ ಇಡೋ ಹಾಗೆ ಅಲ್ಲಿ ಮಕ್ಕಳ ಸಂಜೆಗೂ ದುಡ್ಡಿಡ್ತಾರೆ.

[ಸ್ಕ್ರೀನ್ ಮೇಲೆ: 1998 – 42%, 2016 – 5%]

ಈ ನಂಬರ್ ಏನು ಅಂದ್ರೆ, 1998ರಲ್ಲಿ ಐಸ್‌ಲ್ಯಾಂಡ್‌ನ 15-16 ವರ್ಷದ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಟೈಟ್ ಆಗಿದ್ರು. ಶುಕ್ರವಾರ ರಾತ್ರಿ ರೇಕ್ಯಾವಿಕ್ ಪೇಟೆ ಬೀದಿಯಲ್ಲಿ ಓಡಾಡೋಕೇ ಭಯ, ಎಲ್ಲಿ ನೋಡಿದ್ರೂ ಚಿಕ್ಕ ಚಿಕ್ಕ ಹುಡುಗ್ರು ಹುಡುಗೀರು ತೂರಾಡ್ತಾ ಗಲಾಟೆ ಮಾಡ್ತಾ. 2016ಕ್ಕೆ ಅದೇ ಲೆಕ್ಕ 5ಕ್ಕೆ ಇಳೀತು. ದಿನಾ ಸಿಗರೇಟ್ ಸೇದೋರು 23ರಿಂದ 3ಕ್ಕೆ ಬಂದ್ರು.

ಹೇಗೆ? ಸ್ಕೂಲಲ್ಲಿ ಕುಡೀಬೇಡಿ ಸೇದಬೇಡಿ ಅಂತ ಭಾಷಣ ಮೊದ್ಲೂ ಮಾಡ್ತಿದ್ರು, ಮಕ್ಕಳು ಕೇಳಿಸ್ಕೊಂಡು ಆಮೇಲೆ ಹೋಗಿ ಕುಡೀತಿದ್ರು, ಎಲ್ಲಾ ದೇಶದಲ್ಲೂ ನಡೆಯೋದೇ ಅದು. 1992ರಲ್ಲಿ ಶುರುವಾದ ಸರ್ವೆಯಲ್ಲಿ ಸ್ಕೂಲ್ ಸ್ಕೂಲಿಗೆ ಫಾರ್ಮ್ ಕೊಟ್ಟು ಮಕ್ಕಳನ್ನೇ ಕೇಳಿದ್ರು, ಕುಡಿದಿದೀಯಾ, ಅಪ್ಪ ಅಮ್ಮನ ಜೊತೆ ಎಷ್ಟೊತ್ತು ಇರ್ತೀಯಾ ಅಂತೆಲ್ಲ. ಉತ್ತರ ಜೋಡಿಸಿ ನೋಡಿದ್ರೆ, ಕುಡಿಯದೇ ಇರೋ ಮಕ್ಕಳಲ್ಲಿ ಒಂದಿಷ್ಟು ವಿಷ್ಯ ಕಾಮನ್ ಇತ್ತು: ವಾರಕ್ಕೆ ಮೂರ್ನಾಲ್ಕು ಸಲ ಕೋಚ್ ಇರೋ ಆಟ ಅಥವಾ ಸಂಗೀತ ಕ್ಲಾಸು, ಮನೆಯವರ ಜೊತೆ ಟೈಮ್, ರಾತ್ರಿ ಹೊತ್ತು ಬೀದಿ ಸುತ್ತದೇ ಇರೋದು. ನಂಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ ಈ ಸರ್ವೆ ರಿಸಲ್ಟ್ ಯಾವುದೋ ಕಡತದಲ್ಲಿ ಕೊಳೆಯಲ್ಲ, ಆ ಏರಿಯಾದ ಲೆಕ್ಕ ಆ ಸ್ಕೂಲಿನವರ ಕೈಗೇ ಬೇಗ ವಾಪಸ್ ಬರುತ್ತೆ, ಹಾಗಾಗಿ "ಅಯ್ಯೋ ಅದು ಬೇರೆ ಏರಿಯಾ ಮಕ್ಕಳ ಸಮಸ್ಯೆ" ಅಂತ ಯಾರೂ ಜಾರ್ಕೊಳ್ಳೋ ಹಾಗಿಲ್ಲ.

ಸರಿ, ಈಗ ದುಡ್ಡಿನ ವಿಷ್ಯಕ್ಕೆ ಬರೋಣ. 2007ರಲ್ಲಿ ರೇಕ್ಯಾವಿಕ್ ಸಿಟಿ ಒಂದು ಕಾರ್ಡ್ ತಂತು, ಹೆಸರು ಫ್ರಿಸ್ಟುಂಡಕೋರ್ಟ್, ಅಂದ್ರೆ ಬಿಡುವಿನ ಹೊತ್ತಿನ ಕಾರ್ಡ್ ಅಂತ. ಆರರಿಂದ ಹದಿನೆಂಟು ವರ್ಷದ ಒಂದೊಂದು ಮಗುವಿಗೂ ವರ್ಷಕ್ಕೆ ಇಷ್ಟು ಅಂತ ಸಿಟಿನೇ ಫೀಸ್ ಕಟ್ಟುತ್ತೆ, 2023ರಲ್ಲಿ ಅದು 75,000 ಕ್ರೋನಾ ಆಯ್ತು, ನಮ್ಮ ರೂಪಾಯಲ್ಲಿ 40 ಸಾವಿರಕ್ಕೂ ಮೇಲೆ. ಫುಟ್‌ಬಾಲ್ ಆಗಲಿ, ಪಿಟೀಲು, ಡ್ಯಾನ್ಸ್, ಈಜು ಆಗಲಿ, ಆಯ್ಕೆ ಮಗುವಿನದ್ದು. ಕ್ಯಾಶ್ ಅಪ್ಪ ಅಮ್ಮನ ಕೈಗೆ ಬರಲ್ಲ, ನೇರವಾಗಿ ಕ್ಲಬ್‌ನ ಫೀಸಿಗೆ ಕಟ್ ಆಗುತ್ತೆ, ಅದೂ ಎರಡು ದಿನದ ವರ್ಕ್‌ಶಾಪ್‌ಗೆಲ್ಲ ನಡೆಯಲ್ಲ, ವಾರಗಟ್ಟಲೆ ನಡೆಯೋ ಕ್ಲಾಸೇ ಆಗ್ಬೇಕು. ಯಾಕಂದ್ರೆ ಅಲ್ಲಿ ಪಿಟೀಲು ಕಲಿಯೋದಕ್ಕಿಂತ ಮುಖ್ಯವಾದದ್ದು ವಾರಕ್ಕೆ ಮೂರು ಸಲ ಅದೇ ಮೇಷ್ಟ್ರು ಅದೇ ಮಗುವಿನ ಮುಖ ನೋಡೋದು, ಬರ್ಲಿಲ್ಲ ಅಂದ್ರೆ ಯಾಕೋ ನಿನ್ನೆ ಬರ್ಲಿಲ್ಲ ಅಂತ ಕೇಳೋದು. (ನಮ್ಮ ಬಡಾವಣೆ ಪಾರ್ಕಲ್ಲಿ "ಇಲ್ಲಿ ಆಟ ಆಡಬಾರದು" ಅಂತ ಬೋರ್ಡ್ ಇದೆ, ಅದು ನೆನಪಾಗಿ ನಗು ಬಂತು, ಇರ್ಲಿ.)

ಡಿಸೆಂಬರಲ್ಲಿ ಅಲ್ಲಿ ನಾಲ್ಕು ಗಂಟೆ ಅಷ್ಟೇ ಬೆಳಕು, ಹೊರಗೆ ಹಿಮ, ಆಡೋದೆಲ್ಲಿ? ಅದಕ್ಕೆ ಒಳಾಂಗಣ ಫುಟ್‌ಬಾಲ್ ಹಾಲ್‌ಗಳನ್ನ ಕಟ್ಟಿದ್ರು, ಬರೀ ರೇಕ್ಯಾವಿಕ್ ಅಲ್ಲ, ಬೇರೆ ಊರುಗಳೂ ಕಟ್ಟಿದ್ವು. ಅಂಥ ಹಾಲ್‌ಗಳಲ್ಲಿ ಬೆಳೆದ ಹುಡುಗ್ರ ಟೀಮೇ 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನ 2-1ರಲ್ಲಿ ಸೋಲಿಸಿ ಮನೆಗೆ ಕಳಿಸಿದ್ದು.

ಕಾರ್ಡ್ ಒಂದೇ ಅಲ್ಲ. ಏರಿಯಾ ಏರಿಯಾದಲ್ಲಿ ಸಿಟಿ ನಡೆಸೋ ಯೂತ್ ಸೆಂಟರ್‌ಗಳಿವೆ, ಬ್ರೆಯ್ದ್‌ಹೋಲ್ಟ್ ಅನ್ನೋ ಕಡೆ 1974ರಲ್ಲೇ ಒಂದು ಶುರುವಾಗಿತ್ತು. ಸಂಬಳದ ಸ್ಟಾಫ್ ಇರ್ತಾರೆ, ಸ್ನೂಕರ್ ಟೇಬಲ್ ಇರುತ್ತೆ, ಸುಮ್ನೆ ಹೋಗಿ ಕೂತ್ರೂ ಯಾರೂ ಏಳು ಅನ್ನಲ್ಲ. ಸ್ಕ್ರೆಕ್ಕುರ್ ಅಂತ ಸ್ಕೂಲ್‌ಗಳ ನಡುವೆ ಒಂದು ಕಾಂಪಿಟಿಷನ್ 1990ರಿಂದ ನಡೀತಿದೆ, ನಾಟಕ ಹಾಡು ಕುಣಿತ ಎಲ್ಲ ಮಕ್ಕಳೇ ಬರೆದು ಮಾಡ್ತಾರೆ, ಫೈನಲ್ ಸಿಟಿ ಥಿಯೇಟರಲ್ಲಿ. ಇನ್ನೊಂದು ವಿನ್ನುಸ್ಕೋಲಿ, 1951ರಿಂದ ಇದೆ, ಬೇಸಿಗೆ ರಜೆಯಲ್ಲಿ ಹೈಸ್ಕೂಲ್ ವಯಸ್ಸಿನ ಮಕ್ಕಳು ಸಿಟಿ ಪಾರ್ಕಲ್ಲಿ ಕಳೆ ಕೀಳ್ತಾರೆ, ಗಿಡ ನೆಡ್ತಾರೆ, ಅದಕ್ಕೆ ಸಿಟಿ ಸಂಬಳ ಕೊಡುತ್ತೆ. ತಾನೇ ಕಳೆ ಕಿತ್ತು ಬೆವರು ಸುರಿಸಿದ ಪಾರ್ಕಲ್ಲಿ ಬಾಟ್ಲಿ ಒಡೆಯೋಕೆ ಮನಸ್ಸು ಬರಲ್ಲ ಅನ್ಸುತ್ತೆ ನಂಗೆ.

ಬರೀ ಮುದ್ದು ಮಾಡಿದ್ದೂ ಅಲ್ಲ ಮತ್ತೆ. ಚಳಿಗಾಲದಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕೋರು ರಾತ್ರಿ 8 ಆದ್ಮೇಲೆ, 13ರಿಂದ 16ರೋರು 10 ಆದ್ಮೇಲೆ ದೊಡ್ಡೋರಿಲ್ಲದೆ ಹೊರಗಿರೋ ಹಾಗಿಲ್ಲ, ಬೇಸಿಗೆಯಲ್ಲಿ ಎರಡು ಗಂಟೆ ಸಡಿಲ, ಇದು ದೇಶದ ಕಾನೂನು. 20 ಆಗೋ ತನಕ ಎಣ್ಣೆ ಕೊಳ್ಳೋ ಹಾಗಿಲ್ಲ. ಟೈಮ್ ನೋಡೋಕೆ ಪೊಲೀಸರೊಬ್ರೇ ಅಲ್ಲ, ವಾರಾಂತ್ಯದ ರಾತ್ರಿ ಅಪ್ಪ ಅಮ್ಮಂದಿರೇ ಗುಂಪು ಕಟ್ಕೊಂಡು ಮಿಂಚೋ ಜಾಕೆಟ್ ಹಾಕ್ಕೊಂಡು ಬೀದಿಯಲ್ಲಿ ವಾಕ್ ಹೋಗ್ತಾರೆ. ಹಿಡಿಯೋಕೆ ಬೈಯೋಕೆ ಅಲ್ಲ, ಸುಮ್ನೆ ಕಣ್ಣಿಗೆ ಬೀಳೋಕೆ. ಪಕ್ಕದ್ಮನೆ ಆಂಟಿ ಎದುರಿಗೆ ಬಂದ್ರೆ ಯಾವ ದೇಶದ ಹುಡುಗನಾದ್ರೂ ಸಿಗರೇಟ್ ಹಿಂದೆ ಮುಚ್ಚಿಡ್ತಾನೆ ಬಿಡಿ.

ಈಗ ಕಮೆಂಟಲ್ಲಿ ಬರೆಯೋಕೆ ರೆಡಿ ಆಗಿರೋರಿಗೆ: ಹೌದು, ಅದು ಪುಟ್ಟ ದೇಶ, ಪೂರ್ತಿ ಸೇರಿಸಿದ್ರೂ ನಾಲ್ಕು ಲಕ್ಷ ದಾಟಲ್ಲ, ದುಡ್ಡಿದೆ. ಒಪ್ತೀನಿ. ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಬೇರೆ ದೇಶದಿಂದ ಬಂದ ಕುಟುಂಬದ ಮಕ್ಕಳು ಈ ಕ್ಲಬ್‌ಗಳಿಗೆ ಸೇರೋದು ಕಮ್ಮಿ, ಫೀಸ್ ಸಿಟಿ ಕೊಟ್ರೂ ಭಾಷೆ ಬರದ ಅಮ್ಮನಿಗೆ ಫಾರ್ಮ್ ತುಂಬೋದೇ ಕಷ್ಟ ಅಲ್ವಾ. 2024ರ ಆಗಸ್ಟಲ್ಲಿ, ಊರಿಗೆ ಊರೇ ಬೀದಿಗಿಳಿಯೋ ಕಲ್ಚರ್ ನೈಟ್ ಹಬ್ಬದ ರಾತ್ರಿ, ಹದಿನಾರು ವರ್ಷದ ಹುಡುಗ ಚಾಕು ಹಾಕಿದ, ಹದಿನೇಳು ವರ್ಷದ ಹುಡುಗಿ ಒಬ್ಳು ಕೆಲವು ದಿನ ಆದ್ಮೇಲೆ ತೀರ್ಕೊಂಡ್ಲು. ಕುಡಿತದ ಲೆಕ್ಕ ಇಟ್ಟು ಗೆದ್ದ ಊರಿಗೆ ಜೇಬಲ್ಲಿ ಚಾಕು ಇಟ್ಕೊಂಡು ಓಡಾಡೋ ಮಕ್ಕಳು ಹೊಸ ಸಮಸ್ಯೆ.

ಯೂತ್ ಸೆಂಟರ್ ಒಳಗೆ ಕಾಲೇ ಇಡದ ಹುಡುಗ್ರಿಗೆ ಅಂತ ಸಿಟಿಯ ಇನ್ನೊಂದು ಟೀಮ್ ಇದೆ, ತಿರುಗಾಡೋ ಯೂತ್ ಸೆಂಟರ್ ಅಂತ ಕರೀತಾರೆ. ಅವ್ರಿಗೆ ಬಿಲ್ಡಿಂಗೂ ಇಲ್ಲ ಟೇಬಲ್ಲೂ ಇಲ್ಲ, ಸಂಜೆ ಆಗ್ತಿದ್ದಂಗೆ ಹುಡುಗ್ರು ಎಲ್ಲಿ ಗುಂಪು ಸೇರ್ತಾರೋ ಅಲ್ಲಿಗೇ ಹೋಗ್ತಾರೆ, ಮಾತಿಗೆ ಎಳೀತಾರೆ, ನಾಳೆ ಮತ್ತೆ ಅಲ್ಲಿಗೇ.